ಎರಡನೇ ಸಲ ಹೋದಾಗ ಕಂಡ ಜೋಗ

ಜೋಗದ ಹೆಸರು ಕೇಳದ ಕನ್ನಡಿಗರುಂಟೆ? ಶಾಲೆಯ ಪಾಠದಲ್ಲಿ ಓದಿ, ಕ್ಯಾಲೆಂಡರಿನಲ್ಲಿ ನೋಡಿ, ಸಿನಿಮಾದಲ್ಲಿ ಕಂಡು, ಹೋಗದವರಿಗೂ ಹೋಗಿಬಂದ ಹಾಗೇ ಇರುತ್ತದೆ. ನನ್ನ ಕಥೆ ಮಾತ್ರ ಸ್ವಲ್ಪ ಬೇರೆ. ನಾನು ಜೋಗಕ್ಕೆ ಹೋಗಿಯೂ ಜೋಗ ನೋಡದೆ ಬಂದವಳು! ಎರಡು ರಾತ್ರಿ ಅಲ್ಲೇ ಇದ್ದೆ. ಜಲಪಾತದ ಸದ್ದು ಕಿವಿ ತುಂಬ ಕೇಳಿದೆ. ಕಣ್ಣಿಗೆ ಮಾತ್ರ ಏನೂ ಕಾಣಲಿಲ್ಲ. ಮತ್ತೆ ಹೋಗಿ ನೋಡಲು ಇಪ್ಪತ್ತಮೂರು ವರ್ಷ ಬೇಕಾಯಿತು. ಆ ಎರಡು ಪ್ರಯಾಣದ ಮಾತನ್ನು ಸೋದರಿಯರ ಹತ್ತಿರ ಹೇಳಿಕೊಳ್ಳೋಣ ಅಂತ ಬರೆಯಲು ಕೂತಿದ್ದೇನೆ. ಬರೆಯುವ ಮೊದಲು ನಮ್ಮವರನ್ನು ಕೇಳಿದೆ. "ಬರಿ. ಯಾರ ಮನೆಗಾದ್ರೂ ಉಪಯೋಗ ಆದ್ರೆ ಆಗ್ಲಿ" ಅಂದರು.

ನಮ್ಮ ಮದುವೆಯಾದದ್ದು 2001ರ ಮೇ ತಿಂಗಳಲ್ಲಿ. ಆಷಾಢಕ್ಕೆ ತವರಿಗೆ ಹೋಗಿ, ಶ್ರಾವಣದಲ್ಲಿ ಗಂಡನ ಮನೆಗೆ ಬಂದೆ. ಬಂದ ವಾರಕ್ಕೇ ಇವರು "ಜೋಗಕ್ಕೆ ಹೋಗೋಣ, ಈಗ ನೀರು ಜೋರಾಗಿರುತ್ತೆ" ಅಂದರು. ನನಗೆ ಹಿಗ್ಗೋ ಹಿಗ್ಗು. ಮದುವೆಗೆ ಕೊಡಿಸಿದ ಹಸಿರು ಸೀರೆ ಮಡಿಸಿ ಇಟ್ಟುಕೊಂಡೆ. ಬಸ್ ಸ್ಟ್ಯಾಂಡಿಗೆ ಹೋದರೆ ಇವರ ಸ್ನೇಹಿತರಿಬ್ಬರು ಬ್ಯಾಗು ಹಿಡಿದು ನಿಂತಿದ್ದರು. ಹೊಸ ಮದುವಣಗಿತ್ತಿ, ಏನು ಕೇಳಲಿ?

ಜೋಗ ತಲುಪಿದಾಗ ಸಂಜೆ. ಮಳೆ, ಮಂಜು. ಲಾಡ್ಜಿನ ಕಿಟಕಿ ತೆಗೆದರೆ ಬಿಳಿ ಗೋಡೆ ಕಟ್ಟಿದಂತೆ ಮಂಜು, ಅದರ ಹಿಂದೆ ಸದ್ದು. ಇವರು "ಐದು ನಿಮಿಷ ಬಂದೆ" ಅಂತ ಪಕ್ಕದ ರೂಮಿಗೆ ಹೋದವರು ರಾತ್ರಿ ಹನ್ನೊಂದಕ್ಕೆ ಬಂದರು. ಮಾರನೇ ದಿನ ಮೂವರೂ ಮಧ್ಯಾಹ್ನದವರೆಗೂ ಏಳಲಿಲ್ಲ. ಎದ್ದ ಮೇಲೆ ಮತ್ತೆ ಅದೇ. ಒಬ್ಬಳೇ ಹೊರಗೆ ಹೋಗಲು ಧೈರ್ಯವಿಲ್ಲ. ಕಿಟಕಿ ಪಕ್ಕ ಕೂತು ಸದ್ದು ಕೇಳಿದೆ. ಹಸಿರು ಸೀರೆ ಮಡಿಕೆ ಬಿಚ್ಚಲಿಲ್ಲ. ಮೂರನೇ ದಿನ ಬೆಳಗಿನ ಬಸ್ಸಿಗೆ ಊರಿಗೆ ಬಂದೆವು. ಅಮ್ಮ "ಹೇಗಿತ್ತೇ ಜೋಗ?" ಅಂತ ಕೇಳಿದಾಗ "ತುಂಬಾ ಚೆನ್ನಾಗಿತ್ತಮ್ಮ" ಅಂದೆ. ಸಂಸಾರದ ಮಾನ ಉಳಿಸಲು ನಾನು ಹೇಳಿದ ಮೊದಲನೇ ಸುಳ್ಳು ಅದು. ಆಮೇಲೆ ಎಷ್ಟು ಹೇಳಿದೆನೋ ಲೆಕ್ಕವಿಲ್ಲ.

ನಮ್ಮವರದು ಅರಸೀಕೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ತೆಂಗಿನ ತೋಟದವರ ಪಂಪ್‌ಸೆಟ್ಟು ಸುಟ್ಟರೆ ಇವರ ಹತ್ತಿರವೇ ತರುತ್ತಿದ್ದರು. ಕೈಕೆಲಸ ಅಷ್ಟು ಚೆನ್ನ. ಆದರೆ ಕುಡಿತ ಹೆಚ್ಚಾಗುತ್ತಾ ಕೈ ನಡುಗಲು ಶುರುವಾಯಿತು. ಕೂದಲೆಳೆಯಂಥ ತಾಮ್ರದ ತಂತಿ ನಡುಗುವ ಕೈಗೆ ನಿಲ್ಲುತ್ತದೆಯೇ? ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿಗೆ ಹೋದರು. ನನ್ನ ಬಳೆ, ಮಗಳ ಓಲೆ ಗಿರವಿಗೆ ಹೋದವು. ಇಂಥ ಮನೆಯ ಕಥೆ ನಾನು ಬಿಡಿಸಿ ಹೇಳಬೇಕಿಲ್ಲ, ಬೀದಿಗೊಂದು ಮನೆಯಲ್ಲಿ ನಡೆಯುವುದೇ. ಸ್ಕೂಟರ್ ಸದ್ದು ಕೇಳಿದರೆ ಮಗಳು ಪುಸ್ತಕ ಮುಚ್ಚಿ ನಿದ್ದೆ ಬಂದವಳ ಹಾಗೆ ಮಲಗುತ್ತಿದ್ದಳು. ನಾನು ಬಾಗಿಲಿಗೆ ಹೋಗಿ ಕೈಚೀಲ ತೆಗೆದುಕೊಳ್ಳುವ ನೆಪದಲ್ಲಿ ಉಸಿರು ಮೂಸುತ್ತಿದ್ದೆ. ಇವರು ಬಾಯಿ ಬಿಡುವ ಮೊದಲೇ ಇವತ್ತು ಎಷ್ಟು ಅನ್ನುವುದು ನನಗೆ ಗೊತ್ತಾಗುತ್ತಿತ್ತು.

ನಾನು ಮಾಡಿದ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಕುಡಿತ ಬಿಡಿಸುವ ಪುಡಿ ಅಂತ ಜಾಹೀರಾತು ನೋಡಿ, ಅಂಚೆಯಲ್ಲಿ ತರಿಸಿ, ಇವರಿಗೆ ಗೊತ್ತಿಲ್ಲದ ಹಾಗೆ ಸಾರಿಗೆ ಬೆರೆಸಿದೆ. ರಾತ್ರಿಯಿಡೀ ವಾಂತಿ. ಎದೆ ಹಾರಿ ಸಾಯುವ ಹಾಗಾದರು. ಕುಡಿತ ಬಿಡಿಸಲು ಮಾತ್ರೆಗಳಿರುವುದು ನಿಜ. ಆದರೆ ಅವುಗಳಲ್ಲಿ ಕೆಲವನ್ನು ನುಂಗಿ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರುತ್ತದಂತೆ. ತೆಗೆದುಕೊಳ್ಳುವವರಿಗೆ ತಿಳಿದಿರಬೇಕು, ಡಾಕ್ಟರ ಕಣ್ಣಮುಂದೆ ಆಗಬೇಕು. ದಯವಿಟ್ಟು ಯಾರೂ ನನ್ನ ಹಾಗೆ ಮಾಡಬೇಡಿ.

2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಲಾಕ್‌ಡೌನ್ ಆಗಿ ಬಾರು, ವೈನ್‌ಶಾಪು ಎಲ್ಲ ಮುಚ್ಚಿದವು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಮೂರನೇ ದಿನ ಇವರಿಗೆ ಮೈಯೆಲ್ಲ ನಡುಕ, ಬೆವರು. ಗೋಡೆ ಮೇಲೆ ಹುಳ ಹರಿಯುತ್ತಿದೆ ಅಂತ ಕೂಗಾಟ. ಬೆಳಗಿನ ಜಾವ ಫಿಟ್ಸ್ ಬಂತು. ಪಕ್ಕದ ಮನೆಯವರ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದೆವು. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಹೀಗಾಗುವುದುಂಟು, ಮನೆಯಲ್ಲಿ ಬಾಗಿಲು ಹಾಕಿ ಬಿಡಿಸಲು ಹೋಗಬಾರದು ಅಂತ ಡಾಕ್ಟರು ಹೇಳಿದಾಗಲೇ ನನಗೆ ಗೊತ್ತಾದದ್ದು. ವಿಟಮಿನ್ ಇಂಜೆಕ್ಷನ್ನು, ಮಾತ್ರೆ, ಒಂಬತ್ತು ದಿನ ಹಾಸಿಗೆ. ಬಡಕಲಾಗಿ ಮನೆಗೆ ಬಂದರು. "ಇನ್ನು ಸಾಕು ಕಣೇ" ಅಂದರು. ಆ ಮಾತನ್ನು ನೂರು ಸಲ ಕೇಳಿದವಳು ನಾನು. ಹೂಂ ಅಂದೆ ಅಷ್ಟೆ.

ಮೇ 4ಕ್ಕೆ ಅಂಗಡಿಗಳು ಮತ್ತೆ ತೆರೆದವು. ಬೆಳಿಗ್ಗೆಯಿಂದಲೇ ಉದ್ದ ಸಾಲು. ಇವರು ಕಿಟಕಿಯಿಂದ ನೋಡಿದರು, ಬೀಗ ತಂದು ನನ್ನ ಕೈಗೆ ಕೊಟ್ಟರು. "ಹೊರಗಡೆಯಿಂದ ಹಾಕು. ಅಂಗಡಿ ಮುಚ್ಚೋವರೆಗೂ ತೆಗೀಬೇಡ. ನಾನು ಕೇಳಿದ್ರೂ ತೆಗೀಬೇಡ." ಬೀಗ ಹಾಕಿ, ಕೀ ಸೆರಗಿಗೆ ಕಟ್ಟಿಕೊಂಡು, ಮೊರ ತೆಗೆದುಕೊಂಡು ಜಗಲಿ ಮೇಲೆ ಕೂತೆ. ಅಕ್ಕಿ ಆರಿಸಿದೆ, ಆರಿಸಿದ್ದನ್ನೇ ಮತ್ತೆ ಆರಿಸಿದೆ. ಎರಡು ಸಲ ಒಳಗಿನಿಂದ ಬಾಗಿಲು ಬಡಿದರು. ತೆಗೆಯಲಿಲ್ಲ. ಸಂಜೆ ಕತ್ತಲಾದ ಮೇಲೆ ತೆಗೆದರೆ, ಹಳೇ ಫ್ಯಾನು ಬಿಚ್ಚಿ ಹರಡಿಕೊಂಡು ತಂತಿ ಸುತ್ತುತ್ತಾ ಕೂತಿದ್ದರು. ಕೈ ನಡುಗಿ ತಂತಿ ಮೂರು ಸಲ ಕಡಿಯಿತಂತೆ. ನಾಲ್ಕನೇ ಸಲ ನಿಂತಿತು. ಆ ಫ್ಯಾನು ಇವತ್ತೂ ನಮ್ಮ ಹಾಲಿನಲ್ಲಿ ತಿರುಗುತ್ತಿದೆ.

ಲಾಕ್‌ಡೌನ್ ಮುಗಿದ ಮೇಲೆ ಆಸ್ಪತ್ರೆಯ ನರ್ಸಮ್ಮ ಒಂದು ದಾರಿ ತೋರಿಸಿದರು. ಪಕ್ಕದ ಊರಿನಲ್ಲಿ ವಾರಕ್ಕೊಮ್ಮೆ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆ ಸೇರುತ್ತದೆ. 1935ರಲ್ಲಿ ಅಮೆರಿಕದಲ್ಲಿ ಕುಡಿತದಿಂದ ನೊಂದ ಇಬ್ಬರು, ಷೇರು ವ್ಯವಹಾರದವರೊಬ್ಬರು, ಡಾಕ್ಟರೊಬ್ಬರು, ಸೇರಿ ಶುರುಮಾಡಿದ್ದಂತೆ. ಫೀಸಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ಕುಡಿದು ಬಿಟ್ಟವರೇ ಕುಡಿದು ಬಿಡಬೇಕೆನ್ನುವವರ ಜೊತೆ ಮಾತಾಡುತ್ತಾರೆ. ಜನ್ಮಪೂರ್ತಿ ಮುಟ್ಟುವುದಿಲ್ಲ ಅಂತ ಆಣೆ ಪ್ರಮಾಣ ಇಲ್ಲ. ಇವತ್ತು ಒಂದು ದಿನ ಬೇಡ, ಅಷ್ಟೆ. ಹಾಗೆ ಒಂದೊಂದೇ ದಿನ ಸೇರಿಸುತ್ತಾ ಇವರು ನಾಲ್ಕು ವರ್ಷ ದಾಟಿಸಿದರು.

ಬಿಡುವುದು ಅರ್ಧ ಕೆಲಸ. ಬಿಟ್ಟ ಮೇಲೆ ಸಂಜೆ ಆರೂವರೆಯಿಂದ ಒಂಬತ್ತರವರೆಗೆ ಏನು ಮಾಡಬೇಕು ಅನ್ನುವುದು ಉಳಿದರ್ಧ. ಹಸಿದಿದ್ದರೆ ಆಸೆ ಜಾಸ್ತಿ ಕಾಡುತ್ತದೆ ಅಂತ ಸಭೆಯಲ್ಲಿ ಹೇಳಿದ್ದರಂತೆ. ಅದಕ್ಕೇ ಆರೂವರೆಗೆ ಸರಿಯಾಗಿ ಬಿಸಿಬಿಸಿಯಾಗಿ ಏನಾದರೂ ಅಂಗಡಿಗೇ ಕಳಿಸುತ್ತಿದ್ದೆ. ಒಂದು ದಿನ ಮಂಡಕ್ಕಿ ಒಗ್ಗರಣೆ, ಒಂದು ದಿನ ಅವಲಕ್ಕಿ, ಒಂದು ದಿನ ರಾಗಿ ರೊಟ್ಟಿ, ಜೊತೆಗೆ ಶುಂಠಿ ಹಾಕಿದ ಮಜ್ಜಿಗೆ. ಬೀದಿಯ ಇಬ್ಬರು ಹುಡುಗರು ಓದು ಬಿಟ್ಟು ಅಲೆಯುತ್ತಿದ್ದರು. ಅವರನ್ನು ಕೂರಿಸಿಕೊಂಡು ಕೆಲಸ ಕಲಿಸಲು ಶುರುಮಾಡಿದರು. ಈಗ ಅವರಲ್ಲೊಬ್ಬ ಸ್ವಂತ ಅಂಗಡಿ ಇಟ್ಟಿದ್ದಾನೆ. ಅವನ ಅಂಗಡಿ ಪೂಜೆಗೆ ಇವರನ್ನೇ ಟೇಪು ಕತ್ತರಿಸಲು ಕರೆದ ದಿನ ಇವರ ಮುಖ ನೋಡಬೇಕಿತ್ತು! ನಾನು ದಿನಾ ನೂರು ರೂಪಾಯಿ ತೆಗೆದು ಹಳೇ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದೆ. ಆ ಡಬ್ಬಿಯಿಂದ ಮೊದಲು ಮಗಳ ಓಲೆ ಬಿಡಿಸಿದೆವು, ಆಮೇಲೆ ನನ್ನ ಬಳೆ. ಮೂರನೆಯದು ಜೋಗ.

2024ರ ಸೆಪ್ಟೆಂಬರಿನಲ್ಲಿ, ಗಣೇಶನ ಹಬ್ಬ ಮುಗಿದ ಮೇಲೆ, "ನಿನಗೆ ಜೋಗ ತೋರಿಸೋದು ಬಾಕಿ ಇದೆ" ಅಂತ ಇವರೇ ಮಾತು ತೆಗೆದರು. ಮೈಸೂರಿನಿಂದ ತಾಳಗುಪ್ಪಕ್ಕೆ ಹೋಗುವ ರೈಲು ನಮ್ಮ ಅರಸೀಕೆರೆ ಮೇಲೇ ಹೋಗುತ್ತದೆ. ಬುತ್ತಿಗೆ ಪುಳಿಯೋಗರೆ, ಮೊಸರನ್ನ, ಉಪ್ಪಿನಕಾಯಿ. ಕಡೂರು, ಬೀರೂರು, ತರೀಕೆರೆ, ಭದ್ರಾವತಿ ದಾಟಿ ಶಿವಮೊಗ್ಗ. ಅಲ್ಲಿಂದಾಚೆ ಬಯಲು ಮುಗಿದು ಮಲೆನಾಡು. ಕಿಟಕಿಯ ಎರಡೂ ಕಡೆ ಅಡಿಕೆ ತೋಟ, ಕಾಡು, ನೀರು ನಿಂತ ಗದ್ದೆ. ಅರಸಾಳು ಸ್ಟೇಷನ್ ಬಂದಾಗ ಇವರು ಚಿಕ್ಕ ಹುಡುಗನ ಹಾಗೆ "ನೋಡೇ ನೋಡೇ" ಅಂದರು. ಶಂಕರ್‌ನಾಗ್ ತೆಗೆದ 'ಮಾಲ್ಗುಡಿ ಡೇಸ್' ಧಾರಾವಾಹಿಯ ರೈಲ್ವೆ ಸ್ಟೇಷನ್ ಅದೇ. 2020ರಲ್ಲಿ ಹಳೇ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಆನಂದಪುರ, ಸಾಗರ ಆದಮೇಲೆ ತಾಳಗುಪ್ಪ. ರೈಲು ಹಳಿ ಅಲ್ಲಿಗೇ ಮುಗಿಯುತ್ತದೆ. ಅಲ್ಲಿಂದ ಜೋಗಕ್ಕೆ ಸುಮಾರು ಹದಿನೈದು ಕಿಲೋಮೀಟರು, ಆಟೋದಲ್ಲಿ ಹೋದೆವು.

ತಲುಪಿದಾಗ ಸಂಜೆ. ಅದೇ ಮಳೆ, ಅದೇ ಮಂಜು, ಅದೇ ಸದ್ದು. ಈ ಸಲದ ಲಾಡ್ಜು ಬೇರೆ, ಆದರೆ ಕಿಟಕಿ ತೆಗೆದರೆ ಅದೇ ಬಿಳಿ ಗೋಡೆ. ನನ್ನ ಎದೆ ಧಸಕ್ಕೆಂದಿತು. ಇವರೂ ಮಾತು ನಿಲ್ಲಿಸಿಬಿಟ್ಟರು. ರೂಮಿನ ಹುಡುಗ ಬಂದು "ಸಾರ್, ರಾತ್ರಿಗೆ ಏನಾದ್ರೂ ತರಿಸ್ಬೇಕಾ? ಎಲ್ಲ ವ್ಯವಸ್ಥೆ ಆಗುತ್ತೆ" ಅಂದ. "ಎರಡು ಟೀ ತಗೊಂಬಾಪ್ಪ" ಅಂದರು. ಟೀ ಕುಡಿದು ಸ್ವಲ್ಪ ಹೊತ್ತು ಕೂತರು. ಆಮೇಲೆ ಛತ್ರಿ ತೆಗೆದುಕೊಂಡು "ಐದು ನಿಮಿಷ ಬಂದೆ" ಅಂತ ಹೊರಟುಬಿಟ್ಟರು.

ಅದೇ ಮಾತು! ಇಪ್ಪತ್ತಮೂರು ವರ್ಷದ ಹಿಂದಿನ ಅದೇ ಮಾತು, ಅದೇ ಊರಲ್ಲಿ. ಐದು ನಿಮಿಷ ಹತ್ತಾಯಿತು, ಇಪ್ಪತ್ತಾಯಿತು. ಫೋನು ಮಾಡಿದರೆ ಸಿಗ್ನಲ್ಲೇ ಇಲ್ಲ. ಕರೆಂಟು ಹೋಯಿತು. ನಾನು ಏನು ಮಾಡಿದೆ ಗೊತ್ತೇ? ಟಾರ್ಚು ಹಿಡಿದು ಇವರ ಬ್ಯಾಗು ತಡಕಾಡಿದೆ. ಪರ್ಸಿನಲ್ಲಿ ದುಡ್ಡು ಎಣಿಸಿದೆ. ನಾಳೆ ಬೆಳಿಗ್ಗೆ ಒಬ್ಬಳೇ ಊರಿಗೆ ಹೋಗಲು ಎಷ್ಟು ಬೇಕು ಅಂತ ಲೆಕ್ಕವನ್ನೂ ಹಾಕಿದೆ.

ಮುಕ್ಕಾಲು ಗಂಟೆ ಆದ ಮೇಲೆ ಬಂದರು, ತೊಯ್ದು ತೊಪ್ಪೆಯಾಗಿ. ಛತ್ರಿ ತೆಗೆದುಕೊಳ್ಳುವ ನೆಪದಲ್ಲಿ ಹತ್ತಿರ ಹೋದೆ. ಮಳೆಯ ವಾಸನೆ, ಟೀ ವಾಸನೆ. ಬೇರೆ ಏನೂ ಇಲ್ಲ.

"ಮೂಸಿ ನೋಡ್ದೆ ಅಲ್ವೇನೇ?" ಅಂದರು. ಸಿಟ್ಟಿನಿಂದಲ್ಲ, ಮೆತ್ತಗೆ.

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮಂಚದ ಮೇಲೆ ಕೂತು ತಲೆ ಒರೆಸಿಕೊಳ್ಳುತ್ತಾ ಹೇಳಿದರು. "ಆ ಹುಡುಗ ಕೇಳಿದಾಗ ಬಾಯಲ್ಲಿ ನೀರು ಬಂತು ಕಣೇ. ನಾಲ್ಕು ವರ್ಷದಲ್ಲಿ ಯಾವತ್ತೂ ಹಾಗಾಗಿರ್ಲಿಲ್ಲ. ಇದೇ ಜಾಗ, ಇದೇ ಮಳೆ, ಇದೇ ಹೊತ್ತು. ರೂಮಲ್ಲಿ ಫೋನ್ ಸಿಗ್ಲಿಲ್ಲ. ರಸ್ತೆವರೆಗೂ ಹೋಗಿ ಟೀ ಅಂಗಡಿ ಮುಂದೆ ನಿಂತು ನಮ್ಮ ಸಭೆ ಗೆಳೆಯರಿಗೆ ಫೋನ್ ಮಾಡ್ದೆ. ಆಸೆ ಇಳಿಯೋವರೆಗೂ ಮಾತಾಡಿಸ್ತಾ ಇದ್ರು. ಹೇಳಿ ಹೋದ್ರೆ ನೀನು ಹೆದರ್ತೀಯ ಅಂತ ಹೇಳ್ಲಿಲ್ಲ. ಹೇಳ್ದೆ ಹೋಗಿದ್ದಕ್ಕೂ ಹೆದರ್ದೆ."

ಆಗ ನನಗೆ ಹೊಳೆಯಿತು. ನಾಲ್ಕು ವರ್ಷದಿಂದ ಇವರು ಒಂದು ಹನಿ ಕುಡಿದಿಲ್ಲ. ನಾನು ಮಾತ್ರ ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪದೆ ಮೂಸಿದ್ದೇನೆ. ಇವರು ಕುಡಿತ ಬಿಟ್ಟರು, ನಾನು ಕಾವಲು ಬಿಟ್ಟಿರಲಿಲ್ಲ. ಬಿಟ್ಟವರನ್ನು ಊರೆಲ್ಲ ಹೊಗಳುತ್ತದೆ. ಮನೆಯ ಹೆಂಗಸಿನ ಹೊಟ್ಟೆಯೊಳಗಿನ ಹೆದರಿಕೆ ಬಿಟ್ಟಿದೆಯೇ ಅಂತ ಯಾರೂ ಕೇಳುವುದಿಲ್ಲ, ನಮಗೆ ನಾವೂ ಕೇಳಿಕೊಳ್ಳುವುದಿಲ್ಲ.

ಆ ರಾತ್ರಿ ಮೊಂಬತ್ತಿ ಬೆಳಕಿನಲ್ಲಿ ಎಲ್ಲ ಹೇಳಿದೆ. ಹಸಿರು ಸೀರೆಯ ಮಾತು, ಅಮ್ಮನಿಗೆ ಹೇಳಿದ ಸುಳ್ಳು, ಈಗಷ್ಟೇ ಬ್ಯಾಗು ತಡಕಿದ್ದು, ಬಸ್ ಚಾರ್ಜು ಎಣಿಸಿದ್ದು. ಇವರು ಅಡ್ಡ ಮಾತಾಡದೆ ಕೇಳಿದರು. ಕೊನೆಗೆ "ಆ ಹುಡುಗಿ ಇಲ್ಲಿ ಒಬ್ಳೇ ಕೂತಿದ್ಲಲ್ಲ, ಅವಳ ಹತ್ರ ಕ್ಷಮೆ ಕೇಳ್ಬೇಕು ಅಂತಲೇ ನಾನು ಬಂದಿದ್ದು" ಅಂದರು. ಇಬ್ಬರೂ ಅತ್ತೆವು. ಆಮೇಲೆ ಉಳಿದಿದ್ದ ಪುಳಿಯೋಗರೆ ತಿಂದು ಮಲಗಿದೆವು. ಅಷ್ಟು ಗಾಢ ನಿದ್ದೆ ನನಗೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ.

ಬೆಳಿಗ್ಗೆ ಆರಕ್ಕೇ ಎದ್ದು ಜಲಪಾತ ನೋಡುವ ಜಾಗಕ್ಕೆ ಹೋದೆವು. ಅಭಿವೃದ್ಧಿ ಕೆಲಸ ನಡೆಯುತ್ತಿತ್ತು, ಅಲ್ಲಲ್ಲಿ ಅಗೆದಿದ್ದರು. ಎದುರಿಗೆ ಮತ್ತೆ ಬಿಳಿ ಗೋಡೆ. ಬಂದವರು ಹತ್ತು ನಿಮಿಷ ನಿಂತು ಗೊಣಗಿ ಹೋಗುತ್ತಿದ್ದರು. "ಕಾಯೋಣ" ಅಂದರು ಇವರು. ಚುರುಮುರಿಯವನ ತಗಡಿನ ಮರೆಯಲ್ಲಿ ಕೂತೆವು. ಎಂಟೂವರೆ ದಾಟಿತ್ತು. ಕೆಳಗಿನಿಂದ ಗಾಳಿ ಬೀಸಿತು ನೋಡಿ, ಮಂಜು ಪರದೆ ಸರಿದ ಹಾಗೆ ಮೇಲೆದ್ದಿತು.

ಎಡಗಡೆ ರಾಜ. ಎಲ್ಲೂ ತಡೆಯಿಲ್ಲದೆ ಸುಮಾರು 830 ಅಡಿ, ಅಂದರೆ 253 ಮೀಟರು, ನೇರ ಕೆಳಗೆ. ಅದರ ಪಕ್ಕ ಆರ್ಭಟಿಸುತ್ತಾ ಬಂದು ರಾಜನನ್ನೇ ಸೇರುವ ರೋರರ್. ಆಮೇಲೆ ಬಾಣ ಬಿಟ್ಟ ಹಾಗೆ ಚಿಮ್ಮುವ ರಾಕೆಟ್. ಬಲಗಡೆ ಬಂಡೆಯ ಮೇಲೆ ನೊರೆನೊರೆಯಾಗಿ ಬಳುಕುತ್ತಾ ಇಳಿಯುವ ರಾಣಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿ ಇಲ್ಲಿ ನಾಲ್ಕಾಗಿ ಬೀಳುತ್ತಾಳೆ. ಕೆಳಗೆ ಗುಂಡಿ ಕಾಣುವುದಿಲ್ಲ, ಬರೀ ಹೊಗೆ. ಹನಿ ಬಂದು ಮುಖಕ್ಕೆ ಬಡಿಯಿತು. ನಾನು ಹಸಿರು ಸೀರೆ ಉಟ್ಟಿದ್ದೆ. ಮದುವೆಯದಲ್ಲ, ಅದು ಎಂದೋ ಹರಿದುಹೋಗಿದೆ. ಡಬ್ಬಿಯ ದುಡ್ಡಿನಲ್ಲಿ ಕೊಂಡ ಸಾದಾ ವಾಯಿಲ್ ಸೀರೆ.

ಇವರು ನೀರು ನೋಡಿದ್ದಕ್ಕಿಂತ ದೂರದ ಪವರ್ ಹೌಸ್ ಕಡೆ ನೋಡಿದ್ದೇ ಹೆಚ್ಚು. ಇಲ್ಲಿ 1948ರಲ್ಲೇ ವಿದ್ಯುತ್ ತಯಾರಾಗಲು ಶುರುವಾಯಿತಂತೆ. ಆಮೇಲೆ ಅದಕ್ಕೆ ಮಹಾತ್ಮ ಗಾಂಧಿ ಹೆಸರಿಟ್ಟರು. 1964ರಲ್ಲಿ ಮೇಲುಗಡೆ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ದೊಡ್ಡ ಶರಾವತಿ ಯೋಜನೆ. "ನಾನು ಇಷ್ಟು ವರ್ಷ ಸುತ್ತಿದ ಮೋಟಾರೆಲ್ಲ ಈ ನೀರಿಂದ್ಲೂ ಓಡಿರತ್ತೆ. ಅನ್ನ ಹಾಕಿದ ತಾಯಿ ಎದುರಿಗೇ ಬಂದು ಆವತ್ತು ಕಣ್ಣು ಬಿಡದೆ ಹೋದ್ನಲ್ಲ" ಅಂದರು. ಆ ಕರೆಂಟಿಗಾಗಿ ಮನೆ, ತೋಟ ಮುಳುಗಿಸಿಕೊಂಡು ಎದ್ದು ಹೋದ ಹಳ್ಳಿಗಳವರನ್ನೂ ನಾವು ನೆನೆಯಬೇಕು. ಒಬ್ಬರ ಬೆಳಕಿನ ಹಿಂದೆ ಇನ್ನೊಬ್ಬರ ಕಷ್ಟ ಇದ್ದೇ ಇರುತ್ತದೆ.

ಹೋಗುವ ಸೋದರಿಯರಿಗೆ ಎರಡು ಮಾತು. ನೀರು ತುಂಬಿರುವುದು ಜುಲೈಯಿಂದ ಸೆಪ್ಟೆಂಬರ್ ಕೊನೆವರೆಗೆ. ಬೇಸಿಗೆಯಲ್ಲಿ ಹೋದರೆ ಬಂಡೆಯೇ ಹೆಚ್ಚು. ಮಳೆಗಾಲದಲ್ಲಿ ಮಂಜು ಸರಿಯುವವರೆಗೆ ಕಾಯುವ ಪುರುಸೊತ್ತು ಇಟ್ಟುಕೊಂಡೇ ಹೋಗಿ, ಅರ್ಧ ದಿನದ ಪ್ರವಾಸ ಬೇಡ. ಗುಂಡಿಯವರೆಗೆ ಇಳಿಯಲು ಸಾವಿರಕ್ಕೂ ಮೀರಿ ಮೆಟ್ಟಿಲುಗಳಿವೆ. ನಾವು ಹೋದಾಗ ಜಾರುತ್ತದೆಂದು ಬಿಡುತ್ತಿರಲಿಲ್ಲ. ವಾಪಸು ಬರುವಾಗ ಸಾಗರದಲ್ಲಿ ಇಳಿದರೆ ಕೆಳದಿ ನಾಯಕರ ಕಾಲದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಹತ್ತಿರವೇ. ಸಾಗರದ ಗುಡಿಗಾರರ ಗಂಧದ ಕೆತ್ತನೆ ನೋಡಲು ಕಣ್ಣೆರಡು ಸಾಲದು. ತೊಡದೇವು ಸಿಕ್ಕರೆ ಬಿಡಬೇಡಿ. ಮಗುಚಿಟ್ಟ ಬಿಸಿ ಮಡಕೆಯ ಬೆನ್ನಿಗೆ ಕಬ್ಬಿನ ಹಾಲು ಬೆರೆಸಿದ ಅಕ್ಕಿಹಿಟ್ಟು ಬಳಿದು ತೆಗೆಯುವ, ಕಾಗದದಂಥ ಸಿಹಿ ಅದು. ಕೋಕಂ ಸಿಪ್ಪೆ ತಂದಿಟ್ಟುಕೊಂಡರೆ ನೆನೆಸಿ, ಸೋಸಿ, ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು ಹಾಕಿ ಪಾನಕ ಮಾಡಬಹುದು. ನಮ್ಮ ಮನೆಯಲ್ಲಿ ಈಗ ಸಂಜೆಯ ಲೋಟಕ್ಕೆ ಬೀಳುವುದು ಅದೇ.

ಇನ್ನೊಂದು ಮಾತು. ಮನೆಯಲ್ಲಿ ಇಂಥ ಕಷ್ಟವಿದ್ದು ಯಾರನ್ನು ಕೇಳುವುದು ಅಂತ ಗೊತ್ತಾಗದವರು 14416ಕ್ಕೆ ಫೋನ್ ಮಾಡಬಹುದು. ಸರ್ಕಾರದ ಟೆಲಿ ಮಾನಸ್ ಸೇವೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕುಡಿಯುವವರೇ ಮಾಡಬೇಕೆಂದಿಲ್ಲ, ನಾವೂ ಮಾಡಬಹುದು.

ಜೋಗದಿಂದಲೇ, ಸಿಗ್ನಲ್ ಸಿಗುವ ಆ ಟೀ ಅಂಗಡಿ ಮುಂದೆ ನಿಂತು, ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮ, ಜೋಗ ನೋಡಿದೆ."

"ಮದುವೆ ಹೊಸದರಲ್ಲೇ ನೋಡಿದ್ಯಲ್ಲೇ?"

"ಇಲ್ಲಮ್ಮ. ಆವತ್ತು ನೋಡಿರ್ಲಿಲ್ಲ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಗೊತ್ತಿತ್ತು ಕಣೇ" ಅಂದಳು. "ಈಗ ಹೇಗಿದೆ?"

"ತುಂಬಾ ಚೆನ್ನಾಗಿದೆ" ಅಂದೆ.

ಊರಿಗೆ ಬಂದ ಮೇಲೆ ಸ್ಕೂಟರ್ ಸದ್ದಿಗೆ ನಾನು ಬಾಗಿಲಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಕೆಲವು ದಿನ ಕಾಲು ತಾನೇ ಹೊರಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆಗ ಒಲೆ ಮುಂದೆಯೇ ನಿಂತು, ಇವತ್ತು ಒಂದು ದಿನ ಹೋಗುವುದು ಬೇಡ ಅಂದುಕೊಳ್ಳುತ್ತೇನೆ. ಇವರೇ ಒಳಗೆ ಬಂದು ಕೈಚೀಲ ಇಟ್ಟು "ಏನೇ ಮಾಡಿದ್ದೀಯ ಇವತ್ತು?" ಅಂತ ಕೇಳುತ್ತಾರೆ.